ಗಿಳಿಯ ಸಂಸಾರವೂ ನಮ್ಮ ಸಂಸಾರವೂ

ಕಳೆದ ಫೆಬ್ರುವರಿಯ ಒಂದು ಮಧ್ಯಾಹ್ನ ನಮ್ಮ ಕಾಲೇಜಿನ ಎರಡನೆಯ ವರ್ಷದ ಬಿ.ಎಸ್‌ಸಿ. ತರಗತಿಯ ಹುಡುಗನೊಬ್ಬನು ಬೂಟಿನ ರಟ್ಟಿನ ಪೆಟ್ಟಿಗೆಯೊಂದನ್ನು ಎರಡು ಕೈಗಳಿಂದಲೂ ಹಿಡಿದುಕೊಂಡು ಭೌತವಿಜ್ಞಾನದ ಪ್ರಯೋಗಶಾಲೆಗೆ ಬಂದನು. ಮುಚ್ಚಳದಲ್ಲಿ ಪೆನ್ಸಿಲಿನಿಂದ ಚುಚ್ಚಿದ ಏಳೆಂಟು ತೂತುಗಳಿದ್ದವು. ಒಳಗೆ ಹಳೆಯ ಬನಿಯನ್ನಿನ ಮೇಲೆ ಒಂದು ಗಿಳಿಮರಿ ಮುದುರಿ ಕುಳಿತಿದ್ದಿತು. ಮೈಮೇಲೆ ಅಲ್ಲಲ್ಲಿ ಹಸುರು ಗರಿಗಳ ಮೊಳಕೆ, ಮಿಕ್ಕೆಡೆ ಬೂದುಬಣ್ಣದ ನವಿರು. ತಲೆಗಿಂತ ಕೊಕ್ಕೇ ದೊಡ್ಡದೆಂಬಂತಹ ರೂಪು. ಸಂತೆಯಲ್ಲಿ ಚೀಲದೊಳಗಿನಿಂದ ಗುಟ್ಟಾಗಿ ತೆಗೆದು ಮಾರುತ್ತಿದ್ದವನಿಂದ ಅದನ್ನು ಕೊಂಡು ತಂದಿದ್ದನಂತೆ.

“ಸರ್, ಇದಕ್ಕೆ ಬೇಗ ಮಾತು ಬರಬೇಕಾದರೆ ಏನು ಮಾಡಬೇಕು? ಧ್ವನಿಯ ಪಾಠ ಮಾಡುವಾಗ ನೀವೇ ಗಿಳಿಯ ವಿಷಯ ಹೇಳಿದ್ದಿರಿ” ಎಂದು ಕೇಳಿದನು.

ಹೇಳಿದ್ದು ನಿಜ. ಅನುರಣನೆಯನ್ನು ವಿವರಿಸುವಾಗ ತರಗತಿ ತೂಕಡಿಸದಿರಲೆಂದು ನಾವು ಪ್ರತಿ ವರ್ಷವೂ ಗಿಳಿಯನ್ನು ಕರೆತರುತ್ತೇವೆ. ತುಟಿಯಿಲ್ಲದ, ಹಲ್ಲಿಲ್ಲದ ಪ್ರಾಣಿಯೊಂದು “ಅಮ್ಮ” ಎನ್ನುವುದೆಂದರೆ ಯಾವ ಹುಡುಗನಾದರೂ ತಲೆಯೆತ್ತಿ ನೋಡುತ್ತಾನೆ. ಆದರೆ ಆ ಉದಾಹರಣೆಯ ಇನ್ನೊಂದು ಅರ್ಧವನ್ನು ನಾವು ಇದುವರೆಗೆ ತರಗತಿಯಲ್ಲಿ ಹೇಳಿರಲಿಲ್ಲ. ಪಠ್ಯದಲ್ಲಿಲ್ಲ, ಪರೀಕ್ಷೆಗೂ ಬಾರದು ಎಂಬುದು ನಮ್ಮ ಸಮಾಧಾನವಾಗಿದ್ದಿತು. ಆ ಪೆಟ್ಟಿಗೆಯನ್ನು ಕಂಡ ಮೇಲೆ ಸಮಾಧಾನ ಉಳಿಯಲಿಲ್ಲ. ಆದುದರಿಂದಲೇ ಈ ಲೇಖನ.

ನಮ್ಮ ಮನೆಯಲ್ಲಿಯೂ ಒಂದು ಗಿಳಿ ಇದ್ದಿತು. 1997ರ ಬೇಸಗೆಯ ಮೊದಲ ಮಳೆಗೆ ತೋಟದ ಬದುವಿನಲ್ಲಿದ್ದ ಬೋಳು ತೆಂಗಿನ ಮರವೊಂದು ಮುರಿದು ಬಿದ್ದು, ಅದರ ಪೊಟರೆಯಲ್ಲಿದ್ದ ಮೂರು ಮರಿಗಳಲ್ಲಿ ಎರಡು ಸತ್ತು ಒಂದು ಉಳಿಯಿತು. ನಾವು ಆಗ ಏಳು ವರ್ಷದವರು. ಅಜ್ಜಿ ಆ ಮರಿಗೆ ಹಾಲನ್ನ ತಿನ್ನಿಸಿ, ಸೆರಗಿನಲ್ಲಿ ಸುತ್ತಿಟ್ಟು, ಬದುಕಿಸಿದರು. ಗೌರಿಯೆಂದು ಹೆಸರನ್ನೂ ಇಟ್ಟರು. ಮೂರನೆಯ ವರ್ಷ ಕೊರಳಿನ ಸುತ್ತ ಕಪ್ಪು ಗೆರೆಯೂ ಅದರ ಬೆನ್ನಿಗೆ ಗುಲಾಬಿಯ ಉಂಗುರವೂ ಮೂಡಿದಾಗ ಅದು ಗಂಡೆಂಬುದು ಸ್ಪಷ್ಟವಾಯಿತು. ಅಜ್ಜಿ ಹೆಸರು ಬದಲಾಯಿಸಲು ಒಪ್ಪಲಿಲ್ಲ. “ಇಷ್ಟು ದಿನ ಗೌರಿ ಅಂತ ಓಗೊಟ್ಟಿದೆ, ಇನ್ನು ಮುಂದೆ ಯಾಕೆ ಕೊಡೊಲ್ಲ?” ಎಂಬುದು ಅವರ ವಾದ. ಅದರಲ್ಲಿ ತಪ್ಪು ಹುಡುಕುವುದು ಇಂದಿಗೂ ನಮ್ಮಿಂದಾಗಿಲ್ಲ.

ಗೌರಿ ಮನೆಯವರಲ್ಲಿ ಒಬ್ಬರಾಗಿದ್ದಿತೆಂದರೆ ಉತ್ಪ್ರೇಕ್ಷೆಯಲ್ಲ. ಊಟದ ಹೊತ್ತಿಗೆ ಪಂಜರದಿಂದ ಹೊರಬಂದು ಪಂಕ್ತಿಯ ಕೊನೆಯಲ್ಲಿ ಕುಳಿತುಕೊಳ್ಳುವುದು. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಹುರಿಯುವಾಗ ಎಲ್ಲರೂ ಕೆಮ್ಮುತ್ತ ಹೊರಗೋಡಿದರೆ ತಾನೊಂದೇ ನಿಶ್ಚಿಂತೆಯಿಂದ ಕುಳಿತಿರುವುದು. ಅಂಚೆಯವನನ್ನು ಕಂಡು ಬೈಯುವುದು. ಅದರ ಶಬ್ದಭಂಡಾರದಲ್ಲಿ ಹೆಚ್ಚಿನದು ಅಜ್ಜಿಯದೇ. “ಸಾವಿತ್ರೀ, ಹಾಲು ಉಕ್ಕಿತು ನೋಡೇ” ಎಂದು ಅದು ಅಜ್ಜಿಯ ದನಿಯಲ್ಲಿ ಕೂಗಿದರೆ ನಮ್ಮ ತಾಯಿಯವರು ಎಷ್ಟೋ ಸಲ ಬರಿಯ ಒಲೆಯ ಮುಂದೆ ಓಡಿ ಹೋಗಿ ನಿಲ್ಲುತ್ತಿದ್ದರು.

ಮೆಣಸಿನಕಾಯಿಯ ಮಾತನ್ನು ಇಲ್ಲಿಯೇ ಮುಗಿಸಿಬಿಡೋಣ. ಗಿಳಿಗೆ ಖಾರ ತಾಗದಿರುವುದು ಅದರ ಧೈರ್ಯವಲ್ಲ. ನಮ್ಮ ನಾಲಗೆಯಲ್ಲಿ ಉರಿಯ ಸಂದೇಶವನ್ನು ಕಳುಹುವ ನರಕೋಶಗಳ ಮೇಲೆ ಒಂದು ಗ್ರಾಹಕವಿದೆ. ಬಿಸಿಯೂ ಅದನ್ನು ಕೆರಳಿಸುತ್ತದೆ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ದ್ರವ್ಯವೂ ಕೆರಳಿಸುತ್ತದೆ. ಹಕ್ಕಿಗಳಲ್ಲಿಯೂ ಅದೇ ಗ್ರಾಹಕವುಂಟು; ಆದರೆ ಅದರ ರಚನೆಯಲ್ಲಿರುವ ಅಲ್ಪ ವ್ಯತ್ಯಾಸದಿಂದ ಬಿಸಿಗೆ ಮಾತ್ರ ಓಗೊಡುತ್ತದೆ, ಕ್ಯಾಪ್ಸೈಸಿನ್ನಿಗೆ ಓಗೊಡದು. ಮೆಣಸಿನ ಗಿಡಕ್ಕೆ ಇದರಿಂದ ಲಾಭವೇ. ಬೀಜವನ್ನು ಹಲ್ಲಿನಿಂದ ಅರೆದು ಹಾಳುಮಾಡುವ ಸಸ್ತನಿಗಳು ದೂರವಿರುತ್ತವೆ. ಹಣ್ಣನ್ನು ನುಂಗಿ ಬೀಜವನ್ನು ದೂರದಲ್ಲಿ ಬೀಳಿಸುವ ಹಕ್ಕಿಗಳು ಹತ್ತಿರ ಬರುತ್ತವೆ. ಮೆಣಸಿನಕಾಯಿ ಅಮೆರಿಕಾ ಖಂಡದ್ದು, ನಮ್ಮ ದೇಶಕ್ಕೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಆದುದರಿಂದ ‘ಗಿಳಿಗೆ ಮೆಣಸಿನಕಾಯಿಯೇ ಆಹಾರ’ ಎಂಬ ನಮ್ಮ ನಂಬಿಕೆ ಐದು ಶತಮಾನಗಳಿಗಿಂತ ಹಳೆಯದಾಗಿರಲಾರದು.

ಇನ್ನು ಮಾತಿನ ವಿಷಯ. ಮನುಷ್ಯನ ಧ್ವನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿದೆ. ಹಕ್ಕಿಯದಾದರೋ ಕೆಳತುದಿಯಲ್ಲಿ, ಶ್ವಾಸನಾಳವು ಎರಡಾಗಿ ಕವಲೊಡೆಯುವ ಸ್ಥಳದಲ್ಲಿದೆ. ಅಲ್ಲಿಯ ತೆಳುಪೊರೆಗಳು ಗಾಳಿಯ ಒತ್ತಡದಿಂದ ಕಂಪಿಸಿದಾಗ ಒಂದು ಮೂಲಸ್ವರವೂ ಅದರ ಗುಣಕಗಳಾದ ಅನೇಕ ಉಪಸ್ವರಗಳೂ ಹುಟ್ಟುತ್ತವೆ. ಈ ಕಚ್ಚಾಧ್ವನಿ ಮಾತಲ್ಲ, ಬರಿಯ ಝೇಂಕಾರ. ಅದರಲ್ಲಿ ಕೆಲವು ಆವೃತ್ತಿಗಳನ್ನು ಹಿಗ್ಗಿಸಿ ಕೆಲವನ್ನು ಕುಗ್ಗಿಸುವ ಕೆಲಸ ಮೇಲಿನ ಕೊಳವೆಯದು. ಕೊಳವೆಯ ಆಕಾರ ಬದಲಾದಂತೆ ಅನುರಣಿಸುವ ಆವೃತ್ತಿಗಳೂ ಬದಲಾಗುತ್ತವೆ. ನಮ್ಮ ‘ಆ’ಕಾರಕ್ಕೂ ‘ಈ’ಕಾರಕ್ಕೂ ಇರುವ ಅಂತರ ಇಷ್ಟೇ: ನಾಲಗೆ ಒಂದು ಕಡೆ ತಗ್ಗಿದರೆ ಒಂದು ಸ್ವರ, ಮುಂದಕ್ಕೆ ಉಬ್ಬಿದರೆ ಇನ್ನೊಂದು. ಗಿಳಿಯ ದಪ್ಪ ನಾಲಗೆಯೂ ಇದನ್ನೇ ಮಾಡುವುದೇ ಎಂಬ ಪ್ರಶ್ನೆಗೆ 2004ರಲ್ಲಿ ಪ್ರಕಟವಾದ ಒಂದು ಪ್ರಯೋಗ ಉತ್ತರ ನೀಡಿತು. ದಕ್ಷಿಣ ಅಮೆರಿಕಾದ ಸನ್ಯಾಸಿ ಗಿಳಿಯೆಂಬ ಜಾತಿಯ ಹಕ್ಕಿಗಳ ಕಳೇಬರದಲ್ಲಿ ಧ್ವನಿಪೆಟ್ಟಿಗೆಯ ಸ್ಥಾನದಲ್ಲಿ ಒಂದು ಪುಟ್ಟ ಧ್ವನಿವರ್ಧಕವನ್ನಿಟ್ಟು, ನಾಲಗೆಯನ್ನು ಕೆಲವೇ ಮಿಲಿಮೀಟರುಗಳಷ್ಟು ಸರಿಸಿ, ಹೊರಬರುವ ಧ್ವನಿಯನ್ನು ಅಳೆದರು. ನಾಲಗೆ ಸರಿದಂತೆ ಅನುರಣನೆಯ ಪಟ್ಟಿಗಳೂ ಸರಿದವು. ಅಂದರೆ ಮಾತಿಗೆ ಬೇಕಾದ ಉಪಕರಣ ಗಿಳಿಯಲ್ಲಿ ಹುಟ್ಟಿನಿಂದಲೇ ಇದೆ. ನಾವು ಕಲಿಸಿ ಕೊಡುವ ವಿದ್ಯೆಯಲ್ಲ ಅದು.

ಆದರೆ ಉಪಕರಣವಿದ್ದ ಮಾತ್ರಕ್ಕೆ ಯಾರೂ ಮಾತನಾಡುವುದಿಲ್ಲ. ಗಿಳಿ ಮನುಷ್ಯರ ಮಾತನ್ನೇ ಏಕೆ ಆಡಬೇಕು? ಕಾಡಿನ ಗಿಳಿಯೊಂದು ಕೋಗಿಲೆಯನ್ನು ಅನುಕರಿಸುತ್ತ ಕುಳಿತಿರುವುದನ್ನು ನಾವಾರೂ ಸಾಮಾನ್ಯವಾಗಿ ಕಾಣುವುದಿಲ್ಲವಲ್ಲ! ವಾಚಕರು ಈ ಪ್ರಶ್ನೆಯ ಬಳಿ ತುಸು ಹೊತ್ತು ನಿಲ್ಲಬೇಕೆಂದು ನಮ್ಮ ಕೋರಿಕೆ. ಈ ಲೇಖನದ ತಿರುಳೆಲ್ಲ ಇಲ್ಲಿಯೇ ಇದೆ.

ಗಿಳಿಗಳು ಗುಂಪಿನಲ್ಲಿ ಬಾಳುವ ಹಕ್ಕಿಗಳು. ಎಲೆಗಳ ನಡುವೆ ಹಸುರು ಮೈ ಕಾಣದು. ಆದುದರಿಂದ ಒಂದನ್ನೊಂದು ಕೂಗಿ ಕರೆಯುತ್ತ ಜೊತೆಗಿರಬೇಕು. ‘ನಾನು ಇಲ್ಲಿದ್ದೇನೆ, ನೀನೆಲ್ಲಿ?’ ಎಂಬ ಅರ್ಥದ ಈ ಕೂಗನ್ನು ಪಕ್ಷಿವಿಜ್ಞಾನಿಗಳು ಸಂಪರ್ಕದ ಕರೆ ಎನ್ನುತ್ತಾರೆ. ವೆನೆಜುವೆಲಾ ದೇಶದ ಕಿರುಗಿಳಿಗಳ ಮೇಲೆ ಕಾರ್ಲ್ ಬರ್ಗ್ ಎಂಬವರೂ ಅವರ ಸಂಗಡಿಗರೂ ನಡೆಸಿ 2011ರಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ಉಲ್ಲೇಖಾರ್ಹವಾಗಿದೆ. ಅಲ್ಲಿ ಪ್ರತಿಯೊಂದು ಹಕ್ಕಿಗೂ ತನ್ನದೇ ಆದ ಕರೆಯುಂಟು, ನಮಗೆ ಹೆಸರಿರುವಂತೆ. ಅದು ರಕ್ತದಿಂದ ಬಂದದ್ದೋ ಕಲಿತದ್ದೋ ಎಂದು ತಿಳಿಯಲು ಅವರು ಗೂಡುಗಳ ನಡುವೆ ಮೊಟ್ಟೆಗಳನ್ನು ಅದಲುಬದಲು ಮಾಡಿದರು. ಮರಿಗಳ ಕರೆ ಹೆತ್ತವರ ಕರೆಯನ್ನು ಹೋಲದೆ ಸಾಕಿದವರ ಕರೆಯನ್ನು ಹೋಲಿತು. ಮರಿ ಬಾಯಿಬಿಡುವ ಮೊದಲೇ ತಂದೆತಾಯಿಗಳು ಅದನ್ನು ಒಂದು ಕರೆಯಿಂದ ಕರೆಯುತ್ತಿರುತ್ತವೆ. ಮರಿ ಅದನ್ನೇ ತುಸು ತಿದ್ದಿ ತನ್ನದಾಗಿ ಮಾಡಿಕೊಳ್ಳುತ್ತದೆ. ನಾಮಕರಣವೆಂಬ ಸಂಸ್ಕಾರ ಮನುಷ್ಯನೊಬ್ಬನದೇ ಎಂದು ತಿಳಿದಿದ್ದ ನಮಗೆ ಇದು ದೊಡ್ಡ ಸೋಜಿಗ.

ಈಗ ಪೊಟರೆಯಿಂದ ಕಿತ್ತು ತಂದ ಮರಿಯ ಸ್ಥಿತಿಯನ್ನು ಊಹಿಸಿಕೊಳ್ಳಿ. ಅದರ ಕಿವಿಗೆ ಬೀಳುವ ಕರೆಗಳೆಲ್ಲ ಮನುಷ್ಯರವು. ಉಣಿಸುವವರು ಮನುಷ್ಯರು, ಮಲಗುವಾಗ ಬಳಿಯಿರುವವರು ಮನುಷ್ಯರು. ಆ ಮರಿ ತನ್ನ ಗುಂಪಿನ ಭಾಷೆಯನ್ನು ಕಲಿಯಲು ಹೊರಡುತ್ತದೆ; ಗುಂಪೆಂದರೆ ಅದಕ್ಕೆ ದೊರೆತವರು ನಾವು. “ಸಾವಿತ್ರೀ” ಎಂದು ಗೌರಿ ಕೂಗುತ್ತಿದ್ದುದು ಹಾಲಿನ ವಿಷಯವಾಗಿ ಅಲ್ಲವೇ ಅಲ್ಲ. ಎಲ್ಲಿದ್ದೀರಿ ಎಂದು ಕೇಳುತ್ತಿದ್ದಿತು. ನಮ್ಮ ತಾಯಿಯವರು ಓಡಿ ಬಂದಾಗ ಅದಕ್ಕೆ ಉತ್ತರ ದೊರೆಯುತ್ತಿದ್ದಿತು.

ಅರ್ಥವಿಲ್ಲದ ಬಾಯಿಪಾಠಕ್ಕೆ ನಮ್ಮಲ್ಲಿ ‘ಗಿಳಿಪಾಠ’ ಎಂಬ ಹೆಸರುಂಟು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವಾಗ ನಾವೂ ಈ ಮಾತನ್ನು ಧಾರಾಳವಾಗಿ ಬಳಸಿದ್ದೇವೆ. ಗಿಳಿಗೆ ಇದು ಅನ್ಯಾಯವೆಂದು ಈಗ ತೋರುತ್ತದೆ. 1977ರಲ್ಲಿ ಐರೀನ್ ಪೆಪ್ಪರ್‌ಬರ್ಗ್ ಎಂಬ ವಿದುಷಿ ಅಮೆರಿಕಾದ ಷಿಕಾಗೋ ನಗರದ ಅಂಗಡಿಯೊಂದರಲ್ಲಿ ಆಫ್ರಿಕಾದ ಬೂದುಗಿಳಿಯೊಂದನ್ನು ಕೊಂಡರು. ಅಲೆಕ್ಸ್ ಎಂಬ ಹೆಸರಿನ ಆ ಹಕ್ಕಿ ನೂರಕ್ಕೂ ಮಿಕ್ಕ ಪದಗಳನ್ನು ಕಲಿತು, ವಸ್ತುವಿನ ಬಣ್ಣವೇನು, ಆಕಾರವೇನು, ತಟ್ಟೆಯಲ್ಲಿ ಎಷ್ಟಿವೆ ಎಂಬ ಪ್ರಶ್ನೆಗಳಿಗೆ ಆರರವರೆಗಿನ ಎಣಿಕೆಯಲ್ಲಿ ಉತ್ತರ ಹೇಳುತ್ತಿದ್ದಿತು. ಎರಡು ವಸ್ತುಗಳಲ್ಲಿ ಯಾವುದು ಒಂದೇ, ಯಾವುದು ಬೇರೆ ಎಂಬುದನ್ನೂ ತಿಳಿಸುತ್ತಿದ್ದಿತು. ಅದಕ್ಕೆ ಕಲಿಸಿದ ಕ್ರಮ ಗಮನಾರ್ಹವಾದುದು. ಹಕ್ಕಿಯ ಮುಂದೆ ಇಬ್ಬರು ಮನುಷ್ಯರು ಪ್ರಶ್ನೋತ್ತರ ನಡೆಸುವರು. ಸರಿಯಾದ ಉತ್ತರ ಕೊಟ್ಟವರಿಗೆ ಆ ವಸ್ತು ದೊರೆಯುವುದು. ಹಕ್ಕಿ ಅದನ್ನು ನೋಡಿ, ಪೈಪೋಟಿಗೆ ಬಿದ್ದು, ಸಂಭಾಷಣೆಯೊಳಕ್ಕೆ ನುಗ್ಗುವುದು. ಸಂಗದಲ್ಲಿ ಮಾತ್ರ ಹಕ್ಕಿ ಕಲಿಯುತ್ತದೆ. ಅಲೆಕ್ಸ್ 2007ರ ಸೆಪ್ಟೆಂಬರ್ 6ರಂದು, 31ನೆಯ ವಯಸ್ಸಿನಲ್ಲಿ ತೀರಿಕೊಂಡಿತು.

ನಮ್ಮ ಅಜ್ಜಿ ತೀರಿಕೊಂಡದ್ದು 2008ರಲ್ಲಿ. ಹದಿಮೂರು ದಿನಗಳ ಕರ್ಮಗಳು ಮುಗಿಯುವವರೆಗೆ ಗೌರಿಯ ಪಂಜರವನ್ನು ಹಿತ್ತಲಿನ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಒಳಕ್ಕೆ ತಂದ ದಿನದಿಂದ ಅದು ಬೆಳಗಿನಿಂದ ಸಂಜೆಯವರೆಗೆ ಅಜ್ಜಿಯ ದನಿಯಲ್ಲಿ ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆಯತೊಡಗಿತು. ಸತ್ತವರ ಸ್ವರ ನಡುಮನೆಯಿಂದ ಹೀಗೆ ಕೇಳಿಬರುವುದನ್ನು ತಾಳಿಕೊಳ್ಳುವುದು ಸುಲಭವಲ್ಲ. ನಮ್ಮ ತಂದೆಯವರು ಪಂಜರಕ್ಕೆ ಬಟ್ಟೆ ಮುಚ್ಚಿಸಿದರು. ಕೆಲವು ವಾರಗಳ ತರುವಾಯ ಕೂಗು ಕಡಮೆಯಾಯಿತು; ಅದರ ಬದಲು ಹಕ್ಕಿ ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳಲು ಆರಂಭಿಸಿತು. ಒಂಟಿಯಾಗಿ ಸಾಕಿದ ಗಿಳಿಗಳಲ್ಲಿ ಇದು ಪಶುವೈದ್ಯರೆಲ್ಲರೂ ಬಲ್ಲ ಲಕ್ಷಣ. ಚರ್ಮರೋಗವಿಲ್ಲದಿದ್ದರೆ ಬೇಸರ, ಒಂಟಿತನ, ಗಾಬರಿಗಳೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. ನಮಗೆ ಆಗ ಅದು ತಿಳಿಯದು. ಬೇವಿನೆಣ್ಣೆ ಹಚ್ಚಿದೆವು. 2010ರ ಮಳೆಗಾಲದಲ್ಲಿ ಗೌರಿಯೂ ಹೋಯಿತು. ಚೆನ್ನಾಗಿ ನೋಡಿಕೊಂಡ ಗಿಳಿ ಇಪ್ಪತ್ತೈದು ಮೂವತ್ತು ವರ್ಷ ಬಾಳಬಲ್ಲುದೆಂದು ಮುಂದೆ ಓದಿ ತಿಳಿದಾಗ, ಹದಿಮೂರು ವರ್ಷ ಬದುಕಿಸಿದೆವೆಂಬ ಹೆಮ್ಮೆ ನಮ್ಮಲ್ಲಿ ಉಳಿಯಲಿಲ್ಲ.

ನಾವು ಮಾಡಿದ ತಪ್ಪುಗಳ ಪಟ್ಟಿ ಉದ್ದವಾಗಿದೆ. ಎಳೆಯ ಮರಿಗೆ ಹಾಲನ್ನವೇ ಅಮೃತವೆಂದು ನಂಬಿದೆವು. ಹಕ್ಕಿಗಳು ಸಸ್ತನಿಗಳಲ್ಲ, ಹಾಲಿನ ಸಕ್ಕರೆಯನ್ನು ಅವು ಸರಿಯಾಗಿ ಅರಗಿಸಿಕೊಳ್ಳಲಾರವು. ಆಮೇಲೆ ಕಡಲೆಕಾಯಿ ಬೀಜ, ಸೂರ್ಯಕಾಂತಿ ಬೀಜ. ಅದರಲ್ಲಿ ಕೊಬ್ಬು ಹೆಚ್ಚು, ಎ ಜೀವಸತ್ವ ಅತ್ಯಲ್ಪ. ಸೊಪ್ಪು, ಗಜ್ಜರಿ, ಸೀಬೆಹಣ್ಣುಗಳನ್ನು ಕೊಟ್ಟದ್ದು ಅಪರೂಪ. ಒಲೆಯ ಹತ್ತಿರವೇ ಪಂಜರ ತೂಗಿಹಾಕಿದ್ದುದು ಇನ್ನೊಂದು. ಹಕ್ಕಿಯ ಶ್ವಾಸಕೋಶ ನಮ್ಮದರಂತೆ ತಿದಿಯಲ್ಲ. ಗಾಳಿಚೀಲಗಳ ನೆರವಿನಿಂದ ಗಾಳಿ ಅದರ ಮೂಲಕ ಒಂದೇ ದಿಕ್ಕಿನಲ್ಲಿ ಹರಿಯುತ್ತಿರುತ್ತದೆ. ಒಳಗೆಳೆದ ಗಾಳಿ ಹೊರಬೀಳಲು ಎರಡು ಉಸಿರುಗಳು ಬೇಕು. ಹಾರಾಟದಂತಹ ಕಷ್ಟದ ಕೆಲಸಕ್ಕೆ ಬೇಕಾದಷ್ಟು ಆಮ್ಲಜನಕವನ್ನು ಸೋಸಿಕೊಳ್ಳುವ ಈ ಏರ್ಪಾಡು ವಿಷವನ್ನೂ ಅಷ್ಟೇ ಚೆನ್ನಾಗಿ ಸೋಸಿಕೊಳ್ಳುತ್ತದೆ. ಇಂದಿನ ಅಡುಗೆಮನೆಗಳಲ್ಲಿ ಅಂಟದ ಲೇಪನದ ಬಾಣಲೆಗಳಿವೆಯಷ್ಟೆ. ಖಾಲಿ ಬಾಣಲೆಯನ್ನು ಉರಿಯ ಮೇಲೆ ಮರೆತು ಲೇಪನ ಅತಿಯಾಗಿ ಕಾದರೆ ಹೊರಡುವ ಹೊಗೆಯಿಂದ ಪಕ್ಕದ ಕೋಣೆಯಲ್ಲಿರುವ ಹಕ್ಕಿಯೂ ನಿಮಿಷಗಳಲ್ಲಿ ಸಾಯಬಹುದು. ಮನೆಯ ಮನುಷ್ಯರಿಗೆ ವಾಸನೆ ಕೂಡ ಅಷ್ಟಾಗಿ ತಿಳಿದಿರುವುದಿಲ್ಲ.

ರೆಕ್ಕೆ ಕತ್ತರಿಸುವುದನ್ನು ಕುರಿತು ಭೌತವಿಜ್ಞಾನದ ಅಧ್ಯಾಪಕರಾಗಿ ನಾಲ್ಕು ಮಾತು ಹೇಳದೆ ಇರಲಾರೆವು. ರೆಕ್ಕೆಯ ಎತ್ತುಬಲ ಅದರ ವಿಸ್ತೀರ್ಣಕ್ಕೂ ಗಾಳಿಯಲ್ಲಿ ಅದು ಚಲಿಸುವ ವೇಗದ ವರ್ಗಕ್ಕೂ ಅನುಲೋಮ ಪ್ರಮಾಣದಲ್ಲಿರುತ್ತದೆ. ಕತ್ತರಿಸಿದ ಮೇಲೆ ವಿಸ್ತೀರ್ಣ 100ರಿಂದ 64ಕ್ಕೆ ಇಳಿಯಿತೆಂದು ಭಾವಿಸೋಣ. ಅದೇ ತೂಕವನ್ನು ಹೊರಬೇಕಾದರೆ ವೇಗವು ಹತ್ತಕ್ಕೆ ಎಂಟರ ಲೆಕ್ಕದಲ್ಲಿ, ಅಂದರೆ ಒಂದೂಕಾಲು ಪಟ್ಟು ಆಗಬೇಕು. ನಡುಮನೆಯಲ್ಲಿ ಅಷ್ಟು ವೇಗ ಗಳಿಸಲು ಜಾಗವೆಲ್ಲಿ? ನಮ್ಮೂರಿನಲ್ಲಿ ಒಂದೇ ಕಡೆಯ ರೆಕ್ಕೆಯನ್ನು ಕತ್ತರಿಸುವ ರೂಢಿಯಿದ್ದಿತು. ಆಗ ಎರಡು ಕಡೆಗಳ ಎತ್ತುಬಲ ಸಮವಾಗಿರದೆ ಹಕ್ಕಿ ತಿರುಗುತ್ತ ಎದೆಯ ಮೇಲೆ ಬೀಳುತ್ತದೆ. ಗೌರಿ ಹೀಗೆ ಬಿದ್ದಾಗ ನಾವು ಮಕ್ಕಳು ಚಪ್ಪಾಳೆ ತಟ್ಟಿ ನಗುತ್ತಿದ್ದೆವು. ಮುಂಜಾನೆ ಮೈಲಿಗಟ್ಟಲೆ ಹಾರಿ ಮೇವಿಗೆ ಹೋಗಿ ಸಂಜೆ ಮೈಲಿಗಟ್ಟಲೆ ಹಾರಿ ಮರಳುವ ಹಕ್ಕಿಯದು ಆ ಎದೆ. ಅದರೊಳಗೆ ಇರುವುದೆಲ್ಲ ಹಾರುವ ಸ್ನಾಯು.

ಬಣ್ಣದ ವಿಷಯದಲ್ಲಿಯೂ ನಾವು ಗಿಳಿಯನ್ನು ನಮ್ಮ ಅಳತೆಗೆ ಇಳಿಸಿಕೊಂಡಿದ್ದೇವೆ. ಗಿಳಿಯ ಗರಿಯಲ್ಲಿ ಹಸುರು ವರ್ಣದ್ರವ್ಯವೇ ಇಲ್ಲವೆಂದರೆ ಅನೇಕರು ನಂಬಲಾರರು. ಅಲ್ಲಿರುವುದು ಗಿಳಿಗಳ ಕುಲಕ್ಕೇ ಮೀಸಲಾದ ಒಂದು ಹಳದಿ ದ್ರವ್ಯ. ಅದರ ಕೆಳಗೆ ಕೆರಾಟಿನ್ ಮತ್ತು ಗಾಳಿಗಳಿಂದಾದ, ಸ್ಪಂಜಿನಂತಹ ಅತಿಸೂಕ್ಷ್ಮ ರಚನೆ. ಆ ರಚನೆಯಿಂದ ಚದರಿ ಬರುವ ಬೆಳಕು ನೀಲಿ. ನೀಲಿಯೂ ಹಳದಿಯೂ ಕೂಡಿ ನಮಗೆ ಹಸುರು. ಹಳದಿ ದ್ರವ್ಯವಿಲ್ಲದೆ ಹುಟ್ಟಿದ ಗಿಳಿ ಪೂರ್ತಿ ನೀಲಿಯಾಗಿರುವುದೇ ಇದಕ್ಕೆ ಸಾಕ್ಷಿ. ಗರಿಗಳ ಈ ನೀಲಿಯನ್ನು ಆಕಾಶದ ನೀಲಿಯಂತೆ ಸರಳವಾದ ಚದರಿಕೆಯೆಂದು ಬಹುಕಾಲ ಭಾವಿಸಿದ್ದರು. ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿದ್ದಾಗ, 1934ರಲ್ಲಿ, ನೀಲಕಂಠ ಪಕ್ಷಿಯ ಗರಿಗಳನ್ನು ಪರೀಕ್ಷಿಸಿ ಆ ವಿವರಣೆ ಸಾಲದೆಂಬ ಅಭಿಪ್ರಾಯಕ್ಕೆ ಬಂದಿದ್ದರು. ರಚನೆಯ ಅಂತರಗಳು ಬೆಳಕಿನ ತರಂಗದೂರಕ್ಕೆ ಹೊಂದುವಷ್ಟು ಕ್ರಮಬದ್ಧವಾಗಿರುವುದರಿಂದ ಅದು ವ್ಯತಿಕರಣದ ಫಲವೆಂಬುದು 1998ರ ಸುಮಾರಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಂದ ಖಚಿತವಾಯಿತು. ಇರಲಿ. ನಾವು ಹೇಳಹೊರಟದ್ದು ಬೇರೆ: ಹಕ್ಕಿಯ ಕಣ್ಣಿನಲ್ಲಿ ನಮಗಿರುವ ಮೂರು ಬಗೆಯ ಶಂಕುಕೋಶಗಳಲ್ಲದೆ ನಾಲ್ಕನೆಯದೊಂದು ಬಗೆಯುಂಟು. ನೇರಳೆಯಾಚೆಯ ಬೆಳಕೂ ಅದಕ್ಕೆ ಬಣ್ಣವೇ. ಇನ್ನೊಂದು ಗಿಳಿಯ ಮೈಯಲ್ಲಿ ಗಿಳಿಯೇ ಕಾಣಬೇಕಾದ ಸೊಗಸುಗಳಿವೆ. ಗೌರಿ ಹದಿಮೂರು ವರ್ಷಗಳಲ್ಲಿ ಇನ್ನೊಂದು ಗಿಳಿಯನ್ನು ಹತ್ತಿರದಿಂದ ಕಾಣಲಿಲ್ಲ. ಅಜ್ಜಿ ಒಂದು ಕನ್ನಡಿಯನ್ನು ಮಾತ್ರ ಕಟ್ಟಿದ್ದರು.

ನಮ್ಮ ಮನೆಯವರು ಕ್ರೂರರಾಗಿರಲಿಲ್ಲವೆಂಬುದನ್ನು ನಾವು ಒತ್ತಿ ಹೇಳಬೇಕು. ಗಿಳಿ ಸಾಕುವವರೆಲ್ಲರೂ ಕಟುಕರೆಂದು ಬೈಯುವವರ ಮಾತು ನಮಗೆ ಹಿಡಿಸದು. ಬಾಣನ ಕಾದಂಬರಿಯಲ್ಲಿ ಕಥೆ ಹೇಳುವುದೇ ವೈಶಂಪಾಯನನೆಂಬ ಗಿಳಿ. ನಾಗವರ್ಮನು ಅದನ್ನು ಕನ್ನಡಕ್ಕೆ ತಂದು ಸಾವಿರ ವರ್ಷಗಳಾದವು. ಅಷ್ಟು ಕಾಲದಿಂದ ನಮ್ಮ ಜನ ಈ ಹಕ್ಕಿಯನ್ನು ಮುದ್ದಿಸಿದ್ದಾರೆ. ಆ ಪ್ರೀತಿ ಸುಳ್ಳಲ್ಲ. ತೊಡಕಿರುವುದು ಗಿಳಿ ಅದನ್ನು ನಂಬುವುದರಲ್ಲಿ. ಅದು ನಮ್ಮನ್ನು ನಿಜವಾಗಿಯೇ ತನ್ನ ಸಂಸಾರವೆಂದು ಎಣಿಸುತ್ತದೆ. ನಾವಾದರೋ ಬೆಳಗ್ಗೆ ಒಂಬತ್ತು ಗಂಟೆಗೆ ಬಾಗಿಲಿಗೆ ಬೀಗ ಹಾಕಿಕೊಂಡು ಕಾಲೇಜಿಗೂ ಕಚೇರಿಗೂ ಹೊರಡುತ್ತೇವೆ. ಕಾಡಿನಲ್ಲಿ ಗುಂಪನ್ನು ಕಳೆದುಕೊಂಡ ಗಿಳಿ ಗಿಡುಗಕ್ಕೆ ಬಲಿಯಾಗುವ ಸಂಭವವೇ ಹೆಚ್ಚು. ಆ ಭಯವನ್ನು ನಾವು ದಿನವೂ ಅದಕ್ಕೆ ಕೊಟ್ಟು ಹೋಗುತ್ತೇವೆ.

‘ಪ್ರಾಣಿಗಳನ್ನು ಸಾಕಿದರೆ ತಾನೆ ಮಕ್ಕಳಿಗೆ ಅವುಗಳಲ್ಲಿ ಅಕ್ಕರೆ ಹುಟ್ಟುವುದು?’ ಎಂದು ಕೇಳುವವರಿದ್ದಾರೆ. ನಮಗೆ ಹಕ್ಕಿಗಳಲ್ಲಿ ಆಸಕ್ತಿ ಹುಟ್ಟಿದ್ದು ಗೌರಿಯಿಂದಲೇ ಎಂಬುದನ್ನು ಒಪ್ಪಿಕೊಳ್ಳದಿದ್ದರೆ ನಾವು ಸುಳ್ಳುಗಾರರಾಗುತ್ತೇವೆ. ಆದರೆ ನಾಯಿಯ ಉದಾಹರಣೆಯನ್ನು ಗಿಳಿಗೆ ಅನ್ವಯಿಸಲಾಗದು. ನಾಯಿ ಸಹಸ್ರಾರು ವರ್ಷಗಳಿಂದ, ಅಸಂಖ್ಯ ತಲೆಮಾರುಗಳಿಂದ ಮನುಷ್ಯನ ಜೊತೆ ಬಾಳಲು ತಕ್ಕುದಾಗಿ ಮಾರ್ಪಟ್ಟಿದೆ. ಸಂತೆಯಲ್ಲಿ ಮಾರುವ ಗಿಳಿಮರಿಯ ತಂದೆತಾಯಿಗಳು ನಿನ್ನೆಯವರೆಗೂ ಕಾಡುಹಕ್ಕಿಗಳೇ. ಪಂಜರದಲ್ಲಿರುವುದೂ ಕಾಡುಹಕ್ಕಿಯೇ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿಯ ತರುವಾಯ ನಮ್ಮ ದೇಶದ ಕಾಡುಗಿಳಿಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. 2022ರ ತಿದ್ದುಪಡಿಯೂ ಈ ರಕ್ಷಣೆಯನ್ನು ಮುಂದುವರಿಸಿದೆ. ಅಂದರೆ 1997ರಲ್ಲಿ ನಮ್ಮ ಮನೆಯಲ್ಲಿ ನಡೆದದ್ದು ಅಪರಾಧವೇ. ಊರಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಗಿಳಿಶಾಸ್ತ್ರದವನು ಪಂಜರ ಹೊತ್ತುಕೊಂಡು ಪೊಲೀಸು ಠಾಣೆಯ ಎದುರಿಗೇ ಕುಳಿತಿರುತ್ತಿದ್ದನು.

ವಿದೇಶದ ಜಾತಿಗಳ ಮಾತು ಬೇರೆ. ಆಸ್ಟ್ರೇಲಿಯಾದ ಬಜರಿಗಾರ್ ಹಕ್ಕಿಯನ್ನು ಜಾನ್ ಗೂಲ್ಡ್ ಎಂಬ ಪಕ್ಷಿವಿಜ್ಞಾನಿ 1840ರಲ್ಲಿ ಇಂಗ್ಲೆಂಡಿಗೆ ತಂದಂದಿನಿಂದ ಅದು ಪಂಜರಗಳಲ್ಲಿಯೇ ಮರಿಮಾಡುತ್ತ ಬಂದಿದೆ. ಅದನ್ನು ಸಾಕುವುದಕ್ಕೆ ನಮ್ಮ ಕಾನೂನಿನ ಅಡ್ಡಿಯಿಲ್ಲ, ನಮ್ಮ ಆಕ್ಷೇಪವೂ ಅಷ್ಟು ಬಲವಾಗಿಲ್ಲ. ಎರಡಾದರೂ ಇರಲಿ, ರೆಕ್ಕೆ ಬಿಚ್ಚಿ ಹಾರುವಷ್ಟು ಜಾಗವಿರಲಿ ಎಂಬಷ್ಟೇ ನಮ್ಮ ಬೇಡಿಕೆ. ಆದರೆ ಇತ್ತೀಚೆಗೆ ಪಟ್ಟಣಗಳಲ್ಲಿ ಹಣವುಳ್ಳವರು ತರುತ್ತಿರುವ ಬೂದುಗಿಳಿ, ಮಕಾವ್‌ಗಳನ್ನು ಕುರಿತು ನಮಗೆ ಒಳ್ಳೆಯ ಮಾತಿಲ್ಲ. ಬೂದುಗಿಳಿ ಆಫ್ರಿಕಾದ ಕಾಡುಗಳಲ್ಲಿ ಎಷ್ಟು ವಿರಳವಾಯಿತೆಂದರೆ 2017ರಿಂದ ಕಾಡಿನಿಂದ ಹಿಡಿದ ಹಕ್ಕಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಬೇಕಾಯಿತು. ಅದರ ಆಯುಸ್ಸೋ ನಾಲ್ವತ್ತು ವರ್ಷಗಳನ್ನು ಮೀರಬಲ್ಲುದು. ಹದಿನೆಂಟನೆಯ ವಯಸ್ಸಿನಲ್ಲಿ ಕೊಂಡವನು ಕೆಲಸ ಹಿಡಿದು, ಮದುವೆಯಾಗಿ, ವರ್ಗವಾಗಿ, ನಿವೃತ್ತಿಯ ಅಂಚಿಗೆ ಬಂದಾಗಲೂ ಹಕ್ಕಿ ಬದುಕಿದ್ದು ಇವನನ್ನು ಕರೆಯುತ್ತಿರಬಹುದು.

ಮನೆಯಲ್ಲಿ ಈಗಾಗಲೇ ಗಿಳಿಯಿರುವವರು ಈ ಲೇಖನವನ್ನು ಓದಿ ಇಂದೇ ಪಂಜರದ ಬಾಗಿಲು ತೆರೆದು ಹಾರಿಬಿಡಬಾರದು. ಕೈಯಲ್ಲಿ ತಿಂದು ಬೆಳೆದ ಹಕ್ಕಿಗೆ ಮೇವು ಹುಡುಕಲು ಬಾರದು, ಬೆಕ್ಕು ಗಿಡುಗಗಳ ಭಯ ತಿಳಿಯದು, ತನ್ನವರ ಕರೆಯೂ ಅರ್ಥವಾಗದು. ವಿದೇಶದ ಹಕ್ಕಿಯನ್ನಂತೂ ಬಿಡಲೇಬಾರದು. ನಮ್ಮ ಗಿಳಿಗಳೇ ಹೀಗೆ ತಪ್ಪಿಸಿಕೊಂಡು ಲಂಡನ್ನಿನಲ್ಲಿಯೂ ಯೂರೋಪಿನ ಬೇರೆ ನಗರಗಳಲ್ಲಿಯೂ ಸಾವಿರಗಟ್ಟಲೆಯಾಗಿ ಹೆಚ್ಚಿ, ಅಲ್ಲಿಯ ಹಕ್ಕಿಗಳ ಪೊಟರೆಗಳನ್ನು ಕಸಿದುಕೊಳ್ಳುತ್ತಿವೆ. ಕಾಡುಗಿಳಿಯಾದರೆ ಅರಣ್ಯ ಇಲಾಖೆಗೋ ಅದು ಒಪ್ಪಿದ ಪುನರ್ವಸತಿ ಕೇಂದ್ರಕ್ಕೋ ತಿಳಿಸಬೇಕು. ಅಲ್ಲಿ ದೊಡ್ಡ ಬಲೆಮನೆಯಲ್ಲಿ ಬೇರೆ ಗಿಳಿಗಳೊಡನೆ ಬೆರೆಸಿ, ರೆಕ್ಕೆ ಬಲಿತ ಮೇಲೆ, ಬಿಡಬಹುದಾದವನ್ನು ಬಿಡುತ್ತಾರೆ.

ಪೆಟ್ಟಿಗೆ ತಂದ ಹುಡುಗನಿಗೆ ನಾವು ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಲಿಲ್ಲ. ಮೊದಲು ಗೌರಿಯ ಧ್ವನಿಯನ್ನು ಕೇಳಿಸಿದೆವು. ನಮ್ಮ ಸೋದರಮಾವನವರು 2009ರಲ್ಲಿ ತಮ್ಮ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಇಪ್ಪತ್ತು ಸೆಕೆಂಡುಗಳ ಮುದ್ರಿಕೆಯದು. ಪ್ರಯೋಗಶಾಲೆಯ ಕಂಪ್ಯೂಟರಿನಲ್ಲಿ ಅದರ ಧ್ವನಿರೋಹಿತವನ್ನೂ ತೋರಿಸಿದೆವು. ‘ಸಾ’ದಿಂದ ‘ತ್ರೀ’ಗೆ ಹೋಗುವಾಗ ಕಪ್ಪು ಪಟ್ಟಿಗಳು ದೂರ ಸರಿಯುವುದನ್ನು ಬೆರಳಿಟ್ಟು ತೋರಿಸಿದೆವು. “ಇದು ಯಾರ ದನಿ ಸರ್?” ಎಂದು ಕೇಳಿದನು. ಹೇಳಿದೆವು. ಆಗ ಅವನು ಬಹಳ ಹೊತ್ತು ಪೆಟ್ಟಿಗೆಯ ಮುಚ್ಚಳವನ್ನೇ ನೋಡುತ್ತಿದ್ದನು. ಮಾರನೆಯ ದಿನ ಅವನೇ ದೂರವಾಣಿ ಮಾಡಿ ಅರಣ್ಯ ಇಲಾಖೆಯವರನ್ನು ಕರೆಸಿದನು. ಬಂದವರು ಮಾರಿದವನ ಚಹರೆಯನ್ನು ಬರೆದುಕೊಂಡು ಮರಿಯನ್ನು ಒಯ್ದರು. ಕೊಟ್ಟ ದುಡ್ಡು ಹೋಯಿತೆಂದು ಅವನ ಮುಖ ಎರಡು ದಿನ ಸಪ್ಪಗಿದ್ದಿತು. ಅದನ್ನು ನಾವು ತಪ್ಪೆಂದು ಎಣಿಸಲಿಲ್ಲ.

ನಮ್ಮ ಕಾಲೇಜಿನ ಹಿಂಬದಿಯಲ್ಲಿ ಹಳೆಯ ಮಳೆಮರಗಳ ಸಾಲೊಂದಿದೆ. ಅವುಗಳ ಪೊಟರೆಗಳಲ್ಲಿ ಗಿಳಿಗಳು ಗೂಡುಮಾಡುತ್ತವೆ. ಸಂಜೆ ಐದೂವರೆಯಿಂದ ಕತ್ತಲಾಗುವವರೆಗೆ ಸುತ್ತಲಿನ ಹೊಲಗಳಿಂದ ಗುಂಪುಗುಂಪಾಗಿ ಬಂದು ತಂಗುತ್ತವೆ. ವಾಹನ ನಿಲುಗಡೆಗೆಂದು ಆ ಸಾಲಿನ ನಾಲ್ಕು ಮರಗಳನ್ನು ತೆಗೆಯುವ ಪ್ರಸ್ತಾಪ ಈಗ ಬಂದಿದೆ. ಅದಕ್ಕೆ ಆಕ್ಷೇಪ ಸ��್ಲಿಸಬೇಕಾದರೆ ಅಂಕಿಗಳು ಬೇಕು. ಎಣಿಸುವ ಕೆಲಸವನ್ನು ಅದೇ ಹುಡುಗನಿಗೆ ಒಪ್ಪಿಸಿದ್ದೇವೆ. ಕಳೆದ ಶನಿವಾರ 212 ಎಂದು ಬರೆದುಕೊಂಡು ಬಂದಿದ್ದನು. ಕತ್ತಲಿನಲ್ಲಿ ಮೈನಾಗಳನ್ನೂ ಸೇರಿಸಿದ್ದಾನೆಂಬ ಸಂಶಯ ನಮಗಿದೆ. ಈ ಶನಿವಾರ ಮತ್ತೆ ಎಣಿಸಬೇಕೆಂದು ಹೇಳಿ ಕಳುಹಿಸಿದ್ದೇವೆ.